ಕೇಶರಾಗ ವಿಚಾರ

ವಸ್ತ್ರಕ್ಕೆ ಬಣ್ಣವೇರಿಸುವ ವಿದ್ಯೆಯೂ ಕೇಶಕ್ಕೆ ಬಣ್ಣವೇರಿಸುವ ವಿದ್ಯೆಯೂ ಒಂದೇ ತಾಯಿಯ ಮಕ್ಕಳು. ಎಲೆ, ತೊಗಟೆ, ಕಾಯಿ, ಹುಳಿ, ಲೋಹ ಇವೇ ಎರಡಕ್ಕೂ ಸಾಮಗ್ರಿಗಳು. ಅದ್ದುವುದು, ಕಾಯುವುದು, ತೊಳೆಯುವುದು ಇವೇ ಎರಡಕ್ಕೂ ಕ್ರಿಯೆಗಳು. ಹೀಗಿದ್ದರೂ ವಸ್ತ್ರರಂಜನದ ಚರಿತ್ರೆಗೆ ದೊರೆತ ಗೌರವವು ಕೇಶರಂಜನದ ಚರಿತ್ರೆಗೆ ದೊರೆತಿಲ್ಲ. ವಿಷಯವು ಅಲ್ಪವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ನಮ್ಮ ಪೂರ್ವಿಕರಾದ ಶಾಸ್ತ್ರಕಾರರು ಮಾತ್ರ ಇದನ್ನು ಅಲ್ಪವೆಂದು ಎಣಿಸಿದಂತೆ ಕಾಣುವುದಿಲ್ಲ. ಗ್ರಹಗತಿಯನ್ನು ಗಣಿಸಿದ ಲೇಖನಿಯೇ ತಲೆಗೂದಲಿನ ಬಣ್ಣವನ್ನೂ ಬರೆದಿಟ್ಟಿರುವುದು ವಾಚಕರಿಗೆ ಮುಂದೆ ವಿಶದವಾಗುವುದು.

ಕಲಬುರಗಿಯ ಜಗತ್ ವೃತ್ತದ ಬಳಿಯಲ್ಲಾಗಲಿ, ಕಮಲಾಪುರದ ಬಸ್ ನಿಲ್ದಾಣದಲ್ಲಾಗಲಿ ಕಾಲೇಜಿಗೆ ಹೋಗುವ ತರುಣತರುಣಿಯರ ಗುಂಪನ್ನು ಕಂಡವರಿಗೆ ಈಚಿನ ಒಂದು ಅಲಂಕಾರವು ಕಣ್ಣಿಗೆ ಬೀಳದಿರದು. ಕೂದಲಿನ ಬುಡವು ಹುಟ್ಟುಗಪ್ಪಾಗಿಯೇ ಇದ್ದು, ನಡುವಿನಿಂದ ಕೆಳಕ್ಕೆ ಕ್ರಮಕ್ರಮವಾಗಿ ಕಂದಾಗಿ, ತುದಿಯಲ್ಲಿ ಜೇನಿನ ಬಣ್ಣಕ್ಕೋ ತಾಮ್ರದ ಬಣ್ಣಕ್ಕೋ ತಿರುಗಿರುತ್ತದೆ. ಇದಕ್ಕೆ ಓಂಬ್ರೆ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಈ ಶಬ್ದಕ್ಕೆ ನೆರಳು ಹಾಯ್ದದ್ದು ಎಂದರ್ಥ. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಬಟ್ಟೆಗಳಲ್ಲಿ ಒಂದು ಬಣ್ಣವು ಇನ್ನೊಂದರೊಳಗೆ ಕರಗುವಂತೆ ಅಚ್ಚು ಹಾಕಿದುದನ್ನು ಹೀಗೆ ಕರೆಯುತ್ತಿದ್ದರು. ಅಲ್ಲಿಂದ ಅದು ತಲೆಗೇರಿತು. ಕ್ರಮವಾದ ಛಾಯೆಯಿಲ್ಲದೆ ತುದಿಯನ್ನಷ್ಟೇ ಅದ್ದಿ ತೆಗೆದಂತೆ ಕಾಣುವುದು ಡಿಪ್ ಡೈ. ಮೊದಲು ದೊಡ್ಡ ಊರುಗಳ ಕ್ಷೌರಶಾಲೆಗಳಲ್ಲಿ ಮಾತ್ರ ನಡೆಯುತ್ತಿದ್ದ ಈ ಕಾರ್ಯವು ಈಗ ಮನೆಯ ಬಚ್ಚಲಿಗೂ ಬಂದಿದೆ. ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ; ಕಿರಿಯರು ನಗುತ್ತಾರೆ. ಇದು ನಿಜವಾಗಿಯೂ ಈ ನೆಲಕ್ಕೆ ಅಪರಿಚಿತವಾದುದೇ, ಇದರಲ್ಲಿ ಹಳತೆಷ್ಟು ಹೊಸತೆಷ್ಟು, ಇದನ್ನು ಮಾಡಿಕೊಳ್ಳುವವರು ತಿಳಿದಿರತಕ್ಕುದೇನು ಎಂಬ ಮೂರು ಪ್ರಶ್ನೆಗಳಿಗೆ ಇತಿಹಾಸವು ಏನು ಉತ್ತರ ಕೊಡುತ್ತದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಭಾರತೀಯ ವಾಙ್ಮಯದಲ್ಲಿ ನರೆಯ ವಿಷಯವಾಗಿ ಎರಡು ಧಾರೆಗಳು ಮೊದಲಿನಿಂದಲೂ ಜೊತೆಜೊತೆಯಾಗಿ ಹರಿದುಬಂದಿವೆ. ಒಂದನೆಯ ಧಾರೆಯಲ್ಲಿ ನರೆಗೂದಲು ಒಬ್ಬ ದೂತ. ಬೌದ್ಧ ಜಾತಕಗಳಲ್ಲಿ ಬರುವ ಮಖಾದೇವನೆಂಬ ಅರಸನು, ತನ್ನ ತಲೆಯಲ್ಲಿ ಮೊದಲ ಬಿಳಿಗೂದಲು ಕಂಡಾಗ ತನಗೆ ತಿಳಿಸಬೇಕೆಂದು ಕ್ಷೌರಿಕನಿಗೆ ಆಜ್ಞಾಪಿಸಿದ್ದನು. ಒಂದು ದಿನ ಆ ಕೂದಲು ಅಂಗೈಗೆ ಬಂದೊಡನೆ ರಾಜ್ಯವನ್ನು ಮಗನಿಗೊಪ್ಪಿಸಿ ವನಕ್ಕೆ ತೆರಳಿದನು. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ವೇಷವನ್ನು ತೊಟ್ಟು ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ರಾಜ್ಯಲಕ್ಷ್ಮಿಯನ್ನು ಒಪ್ಪಿಸೆಂದು ಪಿಸುಗುಟ್ಟುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದ್ದ ಬಸವಣ್ಣನವರ ವಚನವೊಂದರಲ್ಲಿಯೂ, ದೇಹ ಸೋಲುವುದಕ್ಕೆ ಮುನ್ನವೇ ಪೂಜೆಗೆ ತೊಡಗಬೇಕೆಂಬ ಎಚ್ಚರಿಕೆಯಲ್ಲಿ ನರೆಗೇ ಮೊದಲ ಸ್ಥಾನ. ಈ ಧಾರೆಯವರಿಗೆ ನರೆಯನ್ನು ಮರೆಮಾಡುವುದೆಂದರೆ ಬಂದ ಓಲೆಯನ್ನು ಓದದೆ ಹರಿದಂತೆ.

ಎರಡನೆಯ ಧಾರೆಯು ಲೋಕವ್ಯವಹಾರದ್ದು. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಹಲ್ಲು, ಬಟ್ಟೆ, ಅಂಗಗಳಿಗೆ ಬಣ್ಣ ಕೊಡುವುದೂ ಒಂದು ಕಲೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಪ್ರಕರಣವನ್ನು ಪ್ರಾರಂಭಿಸುವುದೇ ಕೇಶರಾಗದಿಂದ. ಹೂವು, ಗಂಧ, ವಸ್ತ್ರ, ಆಭರಣಗಳು ಎಷ್ಟಿದ್ದರೂ ತಲೆ ನೆರೆತವನಿಗೆ ಅವು ಒಪ್ಪುವುದಿಲ್ಲವಾದ ಕಾರಣ, ಕಣ್ಣಿಗೆ ಕಾಡಿಗೆಯನ್ನು ಇಡುವಂತೆಯೇ ಕೂದಲಿಗೆ ಬಣ್ಣವನ್ನೂ ಹಾಕಿಕೊಳ್ಳಬೇಕೆಂಬುದು ಅವನ ಮತ. ಜ್ಯೋತಿಷ್ಯವನ್ನು ಬರೆದ ಆಚಾರ್ಯನಿಗೆ ಇದರಲ್ಲಿ ಸಂಕೋಚವೇನೂ ತೋರಲಿಲ್ಲವೆಂಬುದು ಗಮನಾರ್ಹವಾದುದು.

ಅವನು ಹೇಳುವ ವಿಧಾನವು ಹೀಗಿದೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರಿನಲ್ಲಿ, ಕಬ್ಬಿಣದ ಪುಡಿಯ ಸಂಗಡ ಬೇಯಿಸಬೇಕು. ಅದನ್ನು ನುಣ್ಣಗೆ ಅರೆದು, ಹುಳಿಯಿಂದ ನೆನೆಸಿದ ತಲೆಗೆ ಹಚ್ಚಿ, ಹಸಿಯೆಲೆಗಳಿಂದ ಸುತ್ತಿ ಕಟ್ಟಿ ಎರಡು ಜಾವ ಇರಬೇಕು. ಆಮೇಲೆ ಅದನ್ನು ತೆಗೆದು, ನೆಲ್ಲಿಕಾಯಿಯ ಲೇಪವನ್ನು ಹಚ್ಚಿ, ಮತ್ತೆ ಎಲೆ ಸುತ್ತಿ ಇನ್ನೆರಡು ಜಾವ ಕಳೆದು ತೊಳೆದರೆ ಕೂದಲು ಕಪ್ಪಾಗುತ್ತದೆ. ಕಬ್ಬಿಣದ ಮತ್ತು ಹುಳಿಯ ವಾಸನೆಯು ತಲೆಯಲ್ಲಿ ಉಳಿಯಬಾರದೆಂದು ಸುಗಂಧದ ಎಣ್ಣೆ ಮತ್ತು ಸ್ನಾನಚೂರ್ಣಗಳನ್ನೂ ಅವನು ವಿಧಿಸಿದ್ದಾನೆ.

ಈ ವಿಧಾನದ ಒಳಮರ್ಮವನ್ನು ಇಂದಿನ ರಸಾಯನಶಾಸ್ತ್ರದಿಂದ ಸುಲಭವಾಗಿ ತಿಳಿಯಬಹುದು. ಹುಳಿಯು ಕಬ್ಬಿಣವನ್ನು ಕರಗಿಸಿ ನೀರಿನಲ್ಲಿ ಬೆರೆಯುವ ಲವಣವನ್ನಾಗಿ ಮಾಡುತ್ತದೆ. ಆ ಲವಣವು ಮೊದಲ ಎರಡು ಜಾವಗಳಲ್ಲಿ ಕೂದಲನ್ನು ಹಿಡಿಯುತ್ತದೆ. ಅನಂತರ ಬಂದ ನೆಲ್ಲಿಕಾಯಿಯ ಒಗರು ಆ ಕಬ್ಬಿಣದೊಡನೆ ಕೂಡಿ, ನೀರಿನಲ್ಲಿ ಕರಗದ ಕರಿಯ ಬಣ್ಣವಾಗಿ ಕೂದಲಿನ ಮೇಲೆಯೇ ನಿಲ್ಲುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಶಾಯಿ ಮಾಡುತ್ತಿದ್ದ ನಮ್ಮ ಹಿಂದಿನ ಲಿಪಿಕಾರರು ಪ್ರಯೋಗಿಸಿದುದೂ ಇದೇ ತತ್ತ್ವ. ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ಕೊಳೆಸಿ, ಅಳಲೆಯಲ್ಲಿ ನೆನೆಸಿದ ಬಟ್ಟೆಗೆ ಕರಿಗೆರೆಯನ್ನು ಬರೆಯುವ ಕಲಂಕಾರಿಯವರದೂ ಇದೇ ತತ್ತ್ವ. ಕಡತದ ಮೇಲಿನ ಅಕ್ಷರ, ಸೀರೆಯ ಮೇಲಿನ ಚಿತ್ತಾರ, ನೆರೆತ ತಲೆಯ ಕಪ್ಪು ಈ ಮೂರೂ ಒಂದೇ ಮಸಿಯ ಕಾರ್ಯವೆಂದರೆ ಅತಿಶಯೋಕ್ತಿಯಾಗದು.

ಪಾಶ್ಚಾತ್ಯ ಖಂಡದಲ್ಲಿಯೂ ಈ ವಿದ್ಯೆಯು ಪ್ರಾಚೀನವೇ. ಐಗುಪ್ತದ ಅರಸನಾದ ಎರಡನೆಯ ರಾಮ್ಸೆಸನ ಶವದಲ್ಲಿ ಉಳಿದಿರುವ ಕೂದಲಿಗೆ ಮದರಂಗಿಯ ಕೆಂಪು ಹತ್ತಿದೆಯೆಂದು ಪರೀಕ್ಷಕರು ಹೇಳಿದ್ದಾರೆ. ಅವನು ಕಾಲವಾದುದು ಕ್ರಿಸ್ತಪೂರ್ವ ೧೨೧೩ರಲ್ಲಿ. ಕ್ರಿಸ್ತಶಕ ೭೯ರಲ್ಲಿ ತೀರಿಕೊಂಡ ರೋಮಿನ ಪ್ಲಿನಿಯು, ಜಿಗಣೆಗಳನ್ನು ಸೀಸದ ಪಾತ್ರೆಯಲ್ಲಿ ಹುಳಿಯಲ್ಲಿ ಕೊಳೆಯಿಸಿ ತಲೆಗೆ ಹಚ್ಚುವ ಕ್ರಮವನ್ನು ಬರೆದಿದ್ದಾನೆ. ಹಚ್ಚುವಾಗ ಬಾಯಲ್ಲಿ ಎಣ್ಣೆಯನ್ನು ಇಟ್ಟುಕೊಳ್ಳದಿದ್ದರೆ ಹಲ್ಲೂ ಕಪ್ಪಾದೀತೆಂಬ ಮಾತನ್ನೂ ಸೇರಿಸಿದ್ದಾನೆ. ಹುಳಿಯಿಂದ ಲೋಹವನ್ನು ಕರಗಿಸುವ ಯುಕ್ತಿಯು ಎರಡು ಕಡೆಯೂ ಒಂದೇ. ಆದರೆ ಅವರು ಹಿಡಿದದ್ದು ಸೀಸವನ್ನು, ವರಾಹಮಿಹಿರನು ಹಿಡಿದದ್ದು ಕಬ್ಬಿಣವನ್ನು. ಸೀಸವು ವಿಷವೆಂಬುದು ಈಗ ಸರ್ವವಿದಿತ.

ವೈದ್ಯರ ದೃಷ್ಟಿಯು ಇದಕ್ಕಿಂತ ಕೊಂಚ ಬೇರೆಯಾದುದು. ಅವರಿಗೆ ನರೆಯು ಪಲಿತವೆಂಬ ವ್ಯಾಧಿ. ಕೋಪ, ಶೋಕ, ಆಯಾಸಗಳಿಂದ ಹುಟ್ಟಿದ ಶರೀರದ ಉಷ್ಣವು ತಲೆಗೇರಿ ಕೂದಲನ್ನು ಹಣ್ಣುಮಾಡುತ್ತದೆಂದು ಸುಶ್ರುತನ ಅಭಿಪ್ರಾಯ. ಆ ತೇಜಸ್ಸು ಕೇಶಭೂಮಿಯನ್ನು ಪೂರ್ಣವಾಗಿ ಸುಟ್ಟರೆ ಬೋಳುತಲೆಯೂ, ಅರೆಬರೆ ಸುಟ್ಟರೆ ನರೆಯೂ ಆಗುವುದೆಂದು ಚರಕಸಂಹಿತೆಯು ಹೇಳುತ್ತದೆ. ಚರಕನ ಮಹಾನೀಲತೈಲ ಮೊದಲಾದ ಯೋಗಗಳಲ್ಲಿ ನೀಲಿಯ ಗಿಡ, ಗರುಗದ ಸೊಪ್ಪು, ತ್ರಿಫಲೆ, ಲೋಹಚೂರ್ಣ ಇಂಥವು ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಯಾವುದು ಬೇರಿಗೆ ಬಲ ಕೊಡುವ ಔಷಧ, ಯಾವುದು ಮೇಲೆ ಹಚ್ಚುವ ಬಣ್ಣ ಎಂಬ ಗೆರೆಯನ್ನು ಪ್ರಾಚೀನರು ಬಿಗಿಯಾಗಿ ಎಳೆಯಲಿಲ್ಲ. ಇಂದಿಗೂ ಕಲಬುರಗಿಯ ಸೀಮೆಯ ಮನೆಗಳಲ್ಲಿ ಮದರಂಗಿಯ ಪುಡಿಯನ್ನು ಚಹದ ಕಷಾಯದಲ್ಲಿ ಕಲಸಿ ರಾತ್ರಿಯೆಲ್ಲ ಕಬ್ಬಿಣದ ಬಾಣಲೆಯಲ್ಲಿಡುವ ರೂಢಿಯುಂಟು. ಬಾಣಲೆಯೇ ಏಕೆ ಬೇಕೆಂದು ಕೇಳಿದರೆ ಹಿರಿಯರು ಹಿಂದಿನಿಂದ ಬಂದದ್ದೆನ್ನುವರು. ಬಾಣಲೆಯ ಕಬ್ಬಿಣವೂ ಚಹದ ಒಗರೂ ಕೂಡಿ ಬಣ್ಣವು ಗಾಢವಾಗುವುದೆಂಬುದು ಅದರ ಒಳಗುಟ್ಟು. ವರಾಹಮಿಹಿರನ ಪಾತ್ರೆಯು ಇನ್ನೂ ಒಲೆಯ ಮೇಲಿಂದ ಇಳಿದಿಲ್ಲ.

ಇನ್ನು ಈ ನಾಡಿನ ಮಾತಿಗೆ ಬರೋಣ. ಕಲಬುರಗಿಯ ಸೀಮೆಯು ಭೋಗಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ದಕ್ಷಿಣಕ್ಕೆ ಕಾಗಿಣಾ ತೀರದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವೂ, ಉತ್ತರಕ್ಕೆ ಚಾಲುಕ್ಯರ ಕಲ್ಯಾಣವೂ ಇದ್ದ ಈ ಭೂಭಾಗದಲ್ಲಿ ಅರಮನೆಯ ಅಲಂಕಾರಗಳು ಗ್ರಂಥಸ್ಥವಾಗಿವೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರವು ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯಗಳ ಜೊತೆಗೆ ಗಂಧಯುಕ್ತಿಗೂ ಸ್ಥಳವನ್ನು ಕೊಟ್ಟಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇಪ್ಪತ್ತು ಉಪಭೋಗಗಳನ್ನು ವರ್ಣಿಸುವಾಗ ಸ್ನಾನ, ವಿಲೇಪನ, ವಸ್ತ್ರ, ಮಾಲ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ರಾಜನೊಬ್ಬನು ರಾಜ್ಯಪಾಲನೆಯ ಗ್ರಂಥದಲ್ಲಿ ಎಣ್ಣೆಸ್ನಾನವನ್ನು ಬರೆಯಬಹುದಾದರೆ, ದೇಹಾಲಂಕಾರವು ವಿದ್ವಾಂಸರ ಗೌರವಕ್ಕೆ ಕುಂದೆಂಬ ಭಾವನೆಯು ಅಂದಿನದಲ್ಲವೆಂಬುದು ಸ್ಪಷ್ಟ.

ಕ್ರಿಸ್ತಶಕ ೧೩೪೭ರಲ್ಲಿ ಬಹಮನೀ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾಯಿತು. ಪಾರಸಿಕ ಮತ್ತು ಅರಬ ದೇಶಗಳಿಂದ ವಿದ್ವಾಂಸರೂ ವರ್ತಕರೂ ಸೈನಿಕರೂ ಬಂದು ನೆಲಸಿದರು. ಅವರೊಡನೆ ಬಂದ ಭಾಷೆಯಲ್ಲಿ ಕೂದಲಿನ ಬಣ್ಣಕ್ಕೆ ಖಿಜಾಬ್ ಎಂದೂ, ಕೂದಲಿಗೆ ಹಚ್ಚುವ ನೀಲಿಯೆಲೆಗೆ ವಸ್ಮ ಎಂದೂ ಹೆಸರು. ನಮ್ಮವರು ಮದರಂಗಿ ಅಥವಾ ಗೋರಂಟಿ ಎನ್ನುವ ಗಿಡಕ್ಕೆ ಮೆಹಂದಿಯೆಂಬ ಹೆಸರು ಪ್ರಚಾರಕ್ಕೆ ಬಂದಿತು. ಈ ಊರಿನ ಅತ್ಯಂತ ಪ್ರಸಿದ್ಧ ಸಂತರ ಬಿರುದು ಕೂಡ ಕೇಶದಿಂದಲೇ ಬಂದುದು. ೧೪೨೨ರಲ್ಲಿ ಇಲ್ಲಿಯೇ ಸಮಾಧಿಸ್ಥರಾದ ಖ್ವಾಜಾ ಬಂದೇನವಾಜರನ್ನು ಗೇಸೂದರಾಜ್ ಎಂದರೆ ನೀಳಕೇಶಿಯೆಂದು ಕರೆಯುತ್ತಾರೆ. ಗುರುವಿನ ಪಲ್ಲಕ್ಕಿಯನ್ನು ಹೊರುವಾಗ ಅವರ ಉದ್ದಗೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡರೂ, ಗುರುವಿಗೆ ಅಡ್ಡಿಯಾದೀತೆಂದು ಬಿಡಿಸಿಕೊಳ್ಳದೆ ನೋವನ್ನು ಸಹಿಸಿ ನಡೆದರೆಂದು ಐತಿಹ್ಯ.

ಇಸ್ಲಾಮೀ ಪರಂಪರೆಯಲ್ಲಿ ನರೆಗೆ ಮೆಹಂದಿಯ ಬಣ್ಣವನ್ನು ಕೊಡುವುದು ಒಳ್ಳೆಯದು, ಅಚ್ಚಗಪ್ಪನ್ನು ಮಾತ್ರ ವರ್ಜಿಸಬೇಕು ಎಂಬ ಅಭಿಪ್ರಾಯವು ಪ್ರಬಲವಾದುದು. ಕಪ್ಪು ಬಣ್ಣವು ವಯಸ್ಸನ್ನು ಮರೆಮಾಡಿ ನೋಡುವವರನ್ನು ವಂಚಿಸುವುದೆಂದು ಅದಕ್ಕೆ ಕೊಡುವ ಕಾರಣಗಳಲ್ಲೊಂದು. ದರ್ಗಾದ ಬೀದಿಯಲ್ಲಿ ನಡೆಯುವ ಹಿರಿಯರ ಕೆಂಪುಗಡ್ಡವು ಈ ವಿವೇಚನೆಯ ಫಲ. ಆ ಕೆಂಪು ಹುಟ್ಟಿನಿಂದ ಬಂದುದೆಂದು ಯಾರೂ ಭ್ರಮಿಸುವುದಿಲ್ಲ. ಬಣ್ಣವು ತಾನು ಬಣ್ಣವೆಂಬುದನ್ನು ತಾನೇ ಸಾರುತ್ತದೆ. ವರಾಹಮಿಹಿರನ ಕಪ್ಪಿಗೂ ಈ ಕೆಂಪಿಗೂ ಇರುವ ಭೇದವು ಮುಖ್ಯವಾದುದು. ಮೊದಲನೆಯದು ಅಡಗಿಸುವ ಬಣ್ಣ, ಎರಡನೆಯದು ಪ್ರಕಟಿಸುವ ಬಣ್ಣ. ಓಂಬ್ರೆಯನ್ನು ಯಾವ ಪಂಕ್ತಿಯಲ್ಲಿ ಕೂಡಿಸಬೇಕೆಂಬುದನ್ನು ನಿರ್ಣಯಿಸುವಾಗ ಈ ಭೇದವನ್ನು ಮರೆಯಲಾಗದು.

ಅದ್ದುವ ವಿದ್ಯೆಯು ಮಾತ್ರ ಕೇಶದವರದ್ದಲ್ಲ, ಬಟ್ಟೆಯವರದು. ಉತ್ತರ ಕರ್ನಾಟಕದ ನೀಲಗಾರರೂ ರಂಗರೇಜರೂ ನೀಲಿಯ ಬಾನಿಗಳನ್ನು ಹೂತಿಟ್ಟು ನೂಲನ್ನು ಅದ್ದುತ್ತಿದ್ದರು. ಬಾನಿಯಲ್ಲಿರುವಾಗ ನೂಲು ಹಳದಿಬೆರೆತ ಹಸುರಾಗಿ ಕಾಣುತ್ತದೆ. ಮೇಲಕ್ಕೆತ್ತಿ ಗಾಳಿಗೆ ಹಿಡಿದಾಗ ನೀಲಿಯು ಹುಟ್ಟುತ್ತದೆ. ಒಂದು ಸಲ ಅದ್ದಿದರೆ ಆಕಾಶನೀಲಿ, ಹಲವು ಸಲ ಅದ್ದಿದರೆ ಕಾಡಿಗೆನೀಲಿ. ಬಣ್ಣದ ಗಾಢತೆಯು ಅದ್ದಿದ ಸಲಗಳ ಲೆಕ್ಕವೆಂಬುದು ಅವರ ಕುಲವಿದ್ಯೆ. ಕೂದಲಿಗೂ ಇದೇ ನ್ಯಾಯ. ಮೊದಲು ಮದರಂಗಿಯನ್ನು ಹಚ್ಚಿ ತೊಳೆದು, ಅನಂತರ ನೀಲಿಯೆಲೆಯ ಪುಡಿಯನ್ನು ನೀರಿನಲ್ಲಿ ಕಲಸಿದೊಡನೆ ಹಚ್ಚಿದರೆ, ಕೆಂಪಿನ ಮೇಲೆ ನೀಲಿ ಕುಳಿತು ಕಪ್ಪಾಗುತ್ತದೆ. ಬಿಳಿಗೂದಲಿಗೆ ನೀಲಿಯನ್ನು ಮಾತ್ರ ಹಚ್ಚಿದವರ ತಲೆಯು ನವಿಲಿನ ಬಣ್ಣಕ್ಕೆ ತಿರುಗಬಹುದು. ಜರ್ಮನಿಯ ಬೇಯರನು ೧೮೮೦ರಲ್ಲಿ ಕೃತಕವಾಗಿ ನೀಲಿಯನ್ನು ಸಾಧಿಸಿ, ೧೮೯೭ರಿಂದ ಅದು ಮಾರುಕಟ್ಟೆಗೆ ಬಂದ ಮೇಲೆ ಭಾರತದ ನೀಲಿಯ ಬೇಸಾಯವು ಕುಸಿಯಿತು, ಬಾನಿಗಳು ಬರಿದಾದವು. ಬಟ್ಟೆಯನ್ನು ಬಿಟ್ಟ ಎಲೆಯು ತಲೆಯ ಪುಡಿಯ ರೂಪದಲ್ಲಿ ಮಾತ್ರ ಮನೆಗಳಲ್ಲಿ ಉಳಿದುಕೊಂಡಿತು.

ಓಂಬ್ರೆಗೆ ಬೇಕಾದ ಸಾಮಗ್ರಿಯು ಬಂದದ್ದು ಬೇರೆ ದಾರಿಯಿಂದ. ಕಪ್ಪು ಕೂದಲಿನ ಮೇಲೆ ಎಲೆಯ ಬಣ್ಣವು ಎದ್ದು ಕಾಣುವುದಿಲ್ಲ. ಕರಿಯ ಹಲಗೆಯ ಮೇಲೆ ಕೆಮ್ಮಣ್ಣಿನಿಂದ ಬರೆದಂತಾಗುವುದು. ಮೊದಲು ಹಲಗೆಯನ್ನೇ ಬಿಳಿದುಮಾಡಬೇಕು. ಆ ಶಕ್ತಿಯು ಫ್ರಾನ್ಸಿನ ತೆನಾರನು ೧೮೧೮ರಲ್ಲಿ ಕಂಡುಹಿಡಿದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿತ್ತು. ೧೮೬೭ರ ಪಾರಿಸ್ ಪ್ರದರ್ಶನದಲ್ಲಿ ಅದನ್ನು ಕೂದಲು ಹೊಂಬಣ್ಣಗೊಳಿಸುವ ದ್ರವವೆಂದು ಮುಂದಿಟ್ಟರು. ಇತ್ತ ಲಂಡನ್ನಿನಲ್ಲಿ ೧೮೫೬ರಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ವಿದ್ಯಾರ್ಥಿಯು ಮಲೇರಿಯದ ಔಷಧವನ್ನು ತಯಾರಿಸಲು ಹೋಗಿ ನೇರಳೆಬಣ್ಣವನ್ನು ಪಡೆದನು. ಕಲ್ಲಿದ್ದಲ ಕೀಲಿನಿಂದ ಬಣ್ಣಗಳ ಸರಣಿಯೇ ಹೊರಟಿತು. ೧೮೬೩ರಲ್ಲಿ ಹಾಫ್‌ಮನ್ನನು ವರ್ಣಿಸಿದ ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ವಸ್ತುವನ್ನು ಪೆರಾಕ್ಸೈಡಿನೊಡನೆ ಕೂದಲಿಗೆ ಬಳಸಲು ೧೮೮೩ರಲ್ಲಿ ಪಾರಿಸಿನಲ್ಲಿ ಹಕ್ಕುಪತ್ರವಾಯಿತು. ೧೯೦೭ರಲ್ಲಿ ಶ್ಯೂಲೆ ಎಂಬ ತರುಣ ರಸಾಯನಜ್ಞನು ಇಂಥ ಬಣ್ಣಗಳನ್ನು ಪಾರಿಸಿನ ಕ್ಷೌರಿಕರಿಗೆ ಮಾರತೊಡಗಿ, ೧೯೦೯ರಲ್ಲಿ ಸ್ಥಾಪಿಸಿದ ಕಂಪನಿಯೇ ಮುಂದೆ ಲೋರಿಯಾಲ್ ಎಂದು ಜಗತ್ಪ್ರಸಿದ್ಧವಾಯಿತು.

ಈಗ ಮನೆಯ ಓಂಬ್ರೆಯ ಕ್ರಮವನ್ನು ನೋಡಿದರೆ ಹಳೆಯ ತತ್ತ್ವಗಳೇ ಹೊಸ ವೇಷದಲ್ಲಿ ಬಂದಿರುವುದು ತಿಳಿಯುತ್ತದೆ. ಬಿಳಿಚುವ ಪುಡಿಯನ್ನು ಪೆರಾಕ್ಸೈಡಿನಲ್ಲಿ ಕಲಸಿ ಮೊದಲು ತುದಿಗೆ ಹಚ್ಚುತ್ತಾರೆ. ಕೆಲವು ನಿಮಿಷಗಳ ಅನಂತರ ಸ್ವಲ್ಪ ಮೇಲಕ್ಕೆ, ಕಡೆಯಲ್ಲಿ ನಡುವಿಗೆ ಕುಂಚದಿಂದ ತೀಡುತ್ತಾರೆ. ತುದಿಯು ಹೆಚ್ಚು ಹೊತ್ತು ನೆನೆಯುವುದರಿಂದ ಹೆಚ್ಚು ಬಿಳಿಚುತ್ತದೆ, ನಡುವು ಕಡಮೆ. ಹೀಗೆ ಛಾಯೆಯು ಹುಟ್ಟುತ್ತದೆ. ನೀಲಗಾರನು ಸಲಗಳಿಂದ ಮಾಡಿದ ಲೆಕ್ಕವನ್ನು ಇವರು ನಿಮಿಷಗಳಿಂದ ಮಾಡುತ್ತಾರೆ. ಕಪ್ಪು ಕೂದಲು ಬಿಳಿಚುವಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕಡೆಗೆ ಹಳದಿಯ ಮೆಟ್ಟಿಲುಗಳನ್ನು ದಾಟುತ್ತದೆ. ಕಮಲಾಪುರದ ಕೆಂಬಾಳೆಯ ಬಣ್ಣದಲ್ಲಿಯೇ ನಿಂತು ಹಳದಿಗೆ ಬಾರದಿದ್ದರೆ ಅದು ಕೈತಪ್ಪಲ್ಲ, ಕೂದಲಿನ ಸ್ವಭಾವ. ಅವಸರದಿಂದ ಒಂದೇ ದಿನ ಮತ್ತೆ ಮತ್ತೆ ಬಿಳಿಚಿದರೆ ಕೂದಲು ತುಂಡಾಗುತ್ತದೆ.

ತುದಿಗೆ ಬಣ್ಣ ಕೊಡುವ ಆಸೆಯೂ ಈ ನಾಡಿಗೆ ಹೊಸದಲ್ಲ. ನಮ್ಮ ಹೆಣ್ಣುಮಕ್ಕಳು ಹೆರಳಿನ ತುದಿಗೆ ಬಣ್ಣದ ಕುಚ್ಚುಗಳನ್ನು ಕಟ್ಟುತ್ತಿದ್ದರು; ಜಿಲ್ಲೆಯ ತಾಂಡಾಗಳ ಲಂಬಾಣಿ ಸ್ತ್ರೀಯರು ಕೂದಲಿಗೆ ಬೆಳ್ಳಿಯ ಆಭರಣಗಳನ್ನೂ ಕುಚ್ಚುಗಳನ್ನೂ ಇಳಿಬಿಡುತ್ತಿದ್ದರು. ಬುಡವು ಕಪ್ಪು, ತುದಿಯು ಬಣ್ಣ ಎಂಬ ಸೌಂದರ್ಯವು ಅಲ್ಲಿಯೂ ಇದೆ. ಕುಚ್ಚಿನ ಬಣ್ಣವನ್ನು ಕೂದಲೇ ಹೊತ್ತುದಷ್ಟೇ ಓಂಬ್ರೆಯ ವಿಶೇಷ. ಅದು ವಯಸ್ಸನ್ನು ಮುಚ್ಚುವುದಿಲ್ಲ, ಹುಟ್ಟಿನ ಕಪ್ಪನ್ನು ಬುಡದಲ್ಲಿ ಹಾಗೆಯೇ ತೋರಿಸುತ್ತದೆ, ಬಣ್ಣವು ಬಣ್ಣವೆಂದೇ ಕಾಣುತ್ತದೆ. ಆದುದರಿಂದ ಅದರ ಸ್ಥಾನವು ಹಿರಿಯರ ಕೆಂಪುಗಡ್ಡದ ಪಂಕ್ತಿಯಲ್ಲಿ. ವಂಚನೆಯೆಂಬ ಆಕ್ಷೇಪವು ಅದಕ್ಕೆ ತಗಲುವುದಿಲ್ಲ. ನರೆಯನ್ನು ಗುಟ್ಟಾಗಿ ಕಪ್ಪುಮಾಡಿಕೊಂಡು ಮಕ್ಕಳ ಓಂಬ್ರೆಯನ್ನು ಹಳಿಯುವ ಹಿರಿಯರು ಇದನ್ನು ಆಲೋಚಿಸಬೇಕು.

ಇಲ್ಲಿ ಕೂದಲಿನ ಸ್ವರೂಪವನ್ನು ಕುರಿತು ಒಂದು ಮಾತು ಅವಶ್ಯಕ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆದಕಾರಣ ೪೫ ಸೆಂಟಿಮೀಟರು ಉದ್ದದ ಹೆರಳಿನ ತುದಿಯು ಮೂರು ವರ್ಷಕ್ಕೂ ಹಳೆಯದು, ಬುಡವು ಈ ವಾರದ್ದು. ಮರದಲ್ಲಿ ತುದಿಯು ಎಳೆಯದು. ಕೂದಲಿನಲ್ಲಿ ತುದಿಯೇ ಮುದಿಯದು. ಮೂರು ವರ್ಷಗಳ ಬಿಸಿಲು, ಸುಣ್ಣದ ನೀರು, ಎಣ್ಣೆ, ಮದರಂಗಿ, ಬಾಣಲೆಯ ಕಬ್ಬಿಣ ಎಲ್ಲವೂ ಆ ತುದಿಯಲ್ಲಿ ಬರೆದಿರುತ್ತವೆ. ಇತಿಹಾಸಜ್ಞನು ಕಲ್ಲನ್ನು ಓದುವಂತೆ ಬಣ್ಣ ಹಾಕುವವನು ಕೂದಲನ್ನು ಓದತಕ್ಕದ್ದು. ವೈದ್ಯರು ಇದನ್ನು ಓದುವ ಇನ್ನೊಂದು ಬಗೆಯುಂಟು. ಸಾಕಷ್ಟು ಪೌಷ್ಟಿಕ ಆಹಾರವಿಲ್ಲದೆ ಸೊರಗಿದ ಮಗುವಿನ ಕೂದಲು ಕೆಂಚಾಗಿ, ಊಟ ದೊರೆತ ತಿಂಗಳುಗಳಲ್ಲಿ ಕಪ್ಪಾಗಿ, ಮತ್ತೆ ಹಸಿವಿನಲ್ಲಿ ಕೆಂಚಾಗಿ ಪಟ್ಟೆಪಟ್ಟೆಯಾಗುತ್ತದೆ. ಬರಗಾಲಗಳನ್ನು ಕಂಡ ಈ ಸೀಮೆಯಲ್ಲಿ ಕೆಂಚುಗೂದಲನ್ನು ಕಂಡು ಹಿರಿಯರ ಮನಸ್ಸು ಅಳುಕುವುದಕ್ಕೆ ಇಂಥ ನೆನಪೂ ಕಾರಣವಾಗಿರಬಹುದು. ಅಂದು ಬಡತನವು ಬೇಡವೆಂದರೂ ಕೊಟ್ಟ ಬಣ್ಣವನ್ನು ಇಂದು ಮೊಮ್ಮಗಳು ಹಣ ಕೊಟ್ಟು ಬೇಕೆಂದು ತರುತ್ತಾಳೆ. ಆಕೆಯ ಆಯ್ಕೆಯಲ್ಲಿ ತಪ್ಪಿಲ್ಲ. ಅಜ್ಜಿಯ ಅಳುಕಿನಲ್ಲಿಯೂ ತಪ್ಪಿಲ್ಲ.

ಹಳೆಯ ವಿದ್ಯೆಯೂ ಹೊಸ ವಿದ್ಯೆಯೂ ಕೂಡುವಲ್ಲಿಯೇ ಅಪಾಯವೂ ಇದೆ. ಕಬ್ಬಿಣ, ತಾಮ್ರ, ಸೀಸಗಳ ಅಂಶವು ಉಳಿದ ಕೂದಲಿಗೆ ಪೆರಾಕ್ಸೈಡು ತಗಲಿದರೆ ಆ ಲೋಹವು ಅದನ್ನು ಬಿರುಸಾಗಿ ಒಡೆಯುತ್ತದೆ. ಕೂದಲು ಬಿಸಿಯೇರಿ ಸುಟ್ಟಂತಾಗಿ ಉದುರಬಹುದು. ತಾಯಿಯು ಬಾಣಲೆಯಲ್ಲಿ ಕಲಸಿದ ಮದರಂಗಿಯನ್ನು ವರ್ಷಗಟ್ಟಲೆ ಹಚ್ಚಿಸಿಕೊಂಡ ಮಗಳು, ಅದನ್ನು ಮರೆತು ಬಿಳಿಚುವ ಪುಡಿಯನ್ನು ಹಚ್ಚಿಕೊಂಡರೆ ಈ ಕೇಡು ಸಂಭವಿಸೀತು. ಮದರಂಗಿಯೆಂದು ಮಾರುವ ಪುಡಿಗಳೆಲ್ಲ ಬರಿಯ ಎಲೆಯವಲ್ಲ. ಕೆಲವಕ್ಕೆ ಲೋಹಲವಣವನ್ನೂ, ಕಪ್ಪು ಮೆಹಂದಿಯೆಂಬುದಕ್ಕೆ ಮೇಲೆ ಹೇಳಿದ ಪ್ಯಾರಾಫಿನೈಲೀನ್‌ಡೈಅಮೀನನ್ನೂ ಬೆರೆಸುವುದುಂಟು. ಈ ವಸ್ತುವು ಕೆಲವರ ಚರ್ಮಕ್ಕೆ ಒಗ್ಗದೆ ಬೊಕ್ಕೆಯ ಗಾಯ ಮಾಡುತ್ತದೆ. ಒಮ್ಮೆ ಒಗ್ಗದವರಿಗೆ ಜನ್ಮವಿಡೀ ಒಗ್ಗದು. ಹೊಟ್ಟೆಗೆ ಹೋದರಂತೂ ಪ್ರಾಣಕ್ಕೇ ಅಪಾಯ. ಮಕ್ಕಳ ಕೈಗೆ ಎಟುಕದಂತೆ ಅದನ್ನು ಇಡಬೇಕು.

ಆದಕಾರಣ ಮನೆಯಲ್ಲಿ ಪ್ರಯೋಗಿಸುವವರು ಪಾಲಿಸಬೇಕಾದ ನಿಯಮಗಳು ಸ್ವಲ್ಪವೇ ಆದರೂ ಮೀರತಕ್ಕವಲ್ಲ. ಬಣ್ಣವನ್ನು ಕಿವಿಯ ಹಿಂದೆಯೋ ಮೊಣಕೈಯ ಮಡಿಕೆಯಲ್ಲಿಯೋ ಕಾಳಿನಷ್ಟು ಹಚ್ಚಿ ಎರಡು ದಿನ ನೋಡಬೇಕು. ಹೆರಳಿನ ಒಳಭಾಗದಿಂದ ಸಣ್ಣ ಎಳೆಯೊಂದನ್ನು ಕತ್ತರಿಸಿ ಮಿಶ್ರಣದಲ್ಲಿ ಅದ್ದಿ, ಬಿಸಿಯೇರುವುದೋ ತುಂಡಾಗುವುದೋ ಪರೀಕ್ಷಿಸಬೇಕು. ಬಿಳಿಚುವ ಪುಡಿಯ ಧೂಳು ಉಬ್ಬಸವಿದ್ದವರಿಗೆ ಕೆಟ್ಟದ್ದಾದುದರಿಂದ ಕಿಟಕಿಯನ್ನು ತೆರೆದಿರಬೇಕು. ಕೈಗೆ ಕೈಚೀಲ ತೊಟ್ಟಿರಬೇಕು. ಲೋಹದ ಬಟ್ಟಲನ್ನು ಬಿಟ್ಟು ಗಾಜಿನದನ್ನೋ ಪ್ಲಾಸ್ಟಿಕಿನದನ್ನೋ ಹಿಡಿಯಬೇಕು. ನೆತ್ತಿಗೆ ತಾಗದಂತೆ ತುದಿಗಷ್ಟೇ ಹಚ್ಚುವುದರಿಂದ, ಈ ಕ್ರಮವು ಇಡಿಯ ತಲೆಗೆ ಬಣ್ಣ ಬಳಿಯುವುದಕ್ಕಿಂತ ಚರ್ಮಕ್ಕೆ ಸೌಮ್ಯವಾದುದೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಮನಸ್ಸಿಗೆ ಬಾರದಿದ್ದರೆ ಕತ್ತರಿಯೊಂದೇ ಪ್ರಾಯಶ್ಚಿತ್ತ. ಹೋಗುವುದು ಮೂರು ವರ್ಷ ಹಳೆಯ ತುದಿ ಮಾತ್ರ.

ಕಡೆಯದಾಗಿ ಹಿರಿಯರ ಆಕ್ಷೇಪವನ್ನು ತೂಗಿ ನೋಡೋಣ. ಈ ದೇಶದಲ್ಲಿ ಹೆಣ್ಣಿನ ಕೂದಲಿನ ಮೇಲೆ ಹೆಣ್ಣಿಗಿಂತ ಇತರರಿಗೇ ಬಹುಕಾಲ ಅಧಿಕಾರವಿತ್ತು. ಕೆಲವು ಕುಲಗಳಲ್ಲಿ ಪತಿಯನ್ನು ಕಳೆದುಕೊಂಡ ಬಾಲೆಯರ ಕೇಶವನ್ನು ಬಲಾತ್ಕಾರದಿಂದ ತೆಗೆಸಿದ ಕಾಲವು ಬಹು ದೂರದ್ದಲ್ಲ. ಅದನ್ನು ಶಾಸ್ತ್ರವೆಂದು ಸಮರ್ಥಿಸಿದವರೂ ಇದ್ದರು. ಆ ಚರಿತ್ರೆಯನ್ನು ಬಲ್ಲವರು, ಹುಡುಗಿಯೊಬ್ಬಳು ತನ್ನ ಹೆರಳಿನ ತುದಿಗೆ ತಾನೇ ಬಣ್ಣ ಹಚ್ಚಿಕೊಂಡುದನ್ನು ಅನಾಚಾರವೆನ್ನುವುದಕ್ಕೆ ಮುನ್ನ ತಡೆಯಬೇಕು. ಶಾಸ್ತ್ರದ ಆಧಾರವನ್ನು ಕೇಳುವವರಿಗೆ ಬೃಹತ್ಸಂಹಿತೆಯಿದೆ. ನರೆಯನ್ನು ನರೆಯಾಗಿಯೇ ಉಳಿಸಿಕೊಳ್ಳುವವರಿಗೆ ರಘುವಂಶವಿದೆ. ಕಮಲಾಪುರವನ್ನು ದಾಟಿ ಅದೇ ಹೆದ್ದಾರಿಯಲ್ಲಿ ಹುಮನಾಬಾದಿನ ಮೇಲೆ ಬೀದರಿಗೆ ಹೋದರೆ, ಅಲ್ಲಿಯ ಬಿದರಿ ಕೆಲಸದವರು ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪುಮಾಡುವಾಗ ಕೂರಿಸಿದ ಬೆಳ್ಳಿಗೆ ಕಪ್ಪು ಹತ್ತದೆ ಉಳಿಯುವುದನ್ನು ಕಾಣಬಹುದು. ಯಾವ ಲೋಹವು ಯಾವ ಬಣ್ಣವನ್ನು ಹಿಡಿಯುತ್ತದೆಂಬುದನ್ನು ಅರಿತ ಮೇಲೆಯೇ ಅವರು ಮಣ್ಣಿಗೆ ಕೈಹಾಕುತ್ತಾರೆ. ಕೂದಲಿಗೆ ಕೈಹಾಕುವವರಿಗೂ ಅಷ್ಟು ಅರಿವಿದ್ದರೆ ಸಾಕು; ಬಣ್ಣವು ಯಾವುದಾದರೂ ಆಗಲಿ.